ಡಬ್ಬಿಯ ಮೇಲಿನ ಹೆಸರು

ಅವರು ಯಾರನ್ನೇ ನೋಡಲಿ, ಎಡಗಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಮೊದಲ ಸಲ ಕಂಡವರು, ಇದೇನು ಇಷ್ಟು ಗೌರವಸ್ಥ ಹೆಂಗಸು ಕಣ್ಣು ಹೊಡೆಯುತ್ತಿದ್ದಾರಲ್ಲ ಎಂದು ಬೆಚ್ಚುತ್ತಿದ್ದರು. ನಾನೂ ಬೆಚ್ಚಿದ್ದೆ. ಕೆಲಸಕ್ಕೆ ಸೇರಿದ ದಿನ ಕೈಯಲ್ಲಿ ನೇಮಕಾತಿ ಆದೇಶ ಹಿಡಿದು ಶಿಡ್ಲಘಟ್ಟದ ಬಿತ್ತನೆ ಕೋಠಿಯ ಬಾಗಿಲಲ್ಲಿ ನಿಂತಿದ್ದೆ. ಅವರು ಒಂದೇ ಕಣ್ಣಿನಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಹೊಟ್ಟೆಗೆ ಸರಿಯಾಗಿ ತಿನ್ನಲ್ಲ ಅನ್ಸುತ್ತೆ. ಬಾಪ್ಪಾ ಒಳಗೆ, ಮೊದಲು ಕಾಫಿ ಕುಡಿ, ಆಮೇಲೆ ಸರ್ಕಾರ," ಎಂದರು. ಆ ದಿನದಿಂದ ಅವರು ನನಗೆ ಅಕ್ಕ, ನಾನು ಅವರಿಗೆ ಗುಮಾಸ್ತ. ನಾನು ಬಡ್ತಿ ಪಡೆದು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದೆ. ಅವರ ಬಾಯಲ್ಲಿ ಮಾತ್ರ ಕೊನೆಯವರೆಗೂ ಗುಮಾಸ್ತನಾಗಿಯೇ ಉಳಿದೆ.

ಹೋದ ತಿಂಗಳು ಅಕ್ಕ ತೀರಿಕೊಂಡರು. ಬೆಳಗಿನ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೆಯೇ ಹೋಗಿಬಿಟ್ಟರಂತೆ. ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಜನ ಹೊಗಳಿದರು. ಬದುಕಿದ್ದಾಗ ಅವರು ಕೊಟ್ಟ ತೊಂದರೆ ಆ ಜನಕ್ಕೆ ಅಷ್ಟು ಬೇಗ ಮರೆತುಹೋಯಿತೇ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು. ತೊಂದರೆ ಕೊಡುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ತಾಲೂಕಿನಲ್ಲಿ ಇರಲಿಲ್ಲ.

ಬಿತ್ತನೆ ಕೋಠಿಯಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ತಯಾರಾಗುತ್ತದೆ. ಗೂಡಿನಿಂದ ಹೊರಬಂದ ಚಿಟ್ಟೆ ಒಂದು ಹಾಳೆಯ ಮೇಲೆ ಮೊಟ್ಟೆ ಇಡುತ್ತದೆ. ಆಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಂಟುರೋಗದ ಕಣ ಕಂಡರೆ ಮೊಟ್ಟೆಯ ಹಾಳೆಯನ್ನು ಸುಟ್ಟುಬಿಡುತ್ತಾರೆ. ಹಾಗೆ ನೋಡದೆ ರೈತರಿಗೆ ಕೊಟ್ಟರೆ ಹುಳುಮನೆಗೆ ಹುಳುಮನೆಯೇ ಹಾಳು. ಈ ನೋಡುವ ಕೆಲಸ ಅಕ್ಕನದು. ಮೂವತ್ತು ವರ್ಷ ಬಲಗಣ್ಣನ್ನು ಆ ಕೊಳವೆಗೆ ಕೊಟ್ಟು ಕುಳಿತರು. ಎಡಗಣ್ಣು ಮುಚ್ಚುವ ಅಭ್ಯಾಸ ಹುಟ್ಟಿದ್ದು ಹಾಗೆ.

ಸೇರಿದ ಹೊಸದರಲ್ಲಿ ನಾನೊಮ್ಮೆ ಕೇಳಿದ್ದೆ, "ಅಕ್ಕ, ಇಷ್ಟು ಲಕ್ಷಣವಾಗಿರೋ ಚಿಟ್ಟೆನ ಯಾಕೆ ಅರೀತೀರ? ರೋಗದ ಹಾಗೆ ಕಾಣೋದನ್ನ ಮಾತ್ರ ನೋಡಿದ್ರೆ ಸಾಲದಾ?"

"ಲಕ್ಷಣವಾಗಿರೋದನ್ನೇ ನೋಡ್ಬೇಕು ಕಣಪ್ಪ. ರೋಗ ಎದ್ದು ಕಾಣೋದನ್ನ ನೋಡೋಕೆ ನಾನ್ಯಾಕೆ, ಕುರುಡನೂ ಹೇಳ್ತಾನೆ," ಎಂದರು.

ಇನ್ನೊಮ್ಮೆ ನಾನು ಎರಡು ಹಾಳೆಗಳ ನಂಬರನ್ನು ಅದಲುಬದಲು ಬರೆದುಬಿಟ್ಟೆ. ಗುಮಾಸ್ತನ ಬದುಕಿನಲ್ಲಿ ಇದೇನು ದೊಡ್ಡ ಅಪರಾಧವಲ್ಲ. ಒಂದು ತಿದ್ದೋಲೆ ಬರೆದು ಸಹಿ ಹಾಕಿದರೆ ಮುಗಿಯಿತು. ಅಕ್ಕ ಮಾತ್ರ ಆ ಇಡೀ ತಂಡದ ಹಾಳೆಗಳನ್ನು ಸುಡಿಸಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಕಾಫಿ ಕೊಡುತ್ತಾ, "ಹುಳ ಸುಳ್ಳು ಹೇಳಲ್ಲ. ಸುಳ್ಳು ಹೇಳೋದು ನಾವು ಅಂಟಿಸೋ ಚೀಟಿ," ಎಂದರು. ಅವರು ಬೈದಿದ್ದರೆ ಅಂದೇ ಮರೆಯುತ್ತಿದ್ದೆ.

ನಿವೃತ್ತಿಯಾದ ಮೇಲೆ ಅಕ್ಕನಿಗೆ ನೋಡಲು ಏನೂ ಇರಲಿಲ್ಲ. ಮದುವೆಯಾಗಿರಲಿಲ್ಲ. ಅಣ್ಣನ ಮನೆಯಲ್ಲಿದ್ದರು. ಆ ಅಣ್ಣ ಗಟ್ಟಿ ಆಸಾಮಿ, ಕೆಂಚಾರ್ಲಹಳ್ಳಿ ಕಡೆಯ ಹೊಲದಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದವರು. ಅವರಿಗೆ ಮಲದಲ್ಲಿ ರಕ್ತ ಹೋಗಲು ಶುರುವಾದಾಗ ಯಾರಿಗೂ ಹೇಳಲಿಲ್ಲ. ತಾವೇ ಮೂಲವ್ಯಾಧಿ ಎಂದು ತೀರ್ಮಾನಿಸಿ, ಯಾರೋ ಹೇಳಿದ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಯುತ್ತಾ ಎರಡು ವರ್ಷ ಕಳೆದರು. ಗೊತ್ತಾಗುವ ಹೊತ್ತಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹೋಗಿತ್ತು. ಅಕ್ಕ ಅತ್ತಿದ್ದನ್ನು ನಾನು ನೋಡಿದ್ದು ಆಗ ಒಂದೇ ಸಲ. "ಮೂವತ್ತು ವರ್ಷ ಚಿಟ್ಟೆ ನೋಡ್ದೆ ಕಣಪ್ಪ. ಒಂದೇ ಮನೇಲಿ ಎದುರಿಗೆ ಕೂತು ಊಟ ಮಾಡ್ತಿದ್ದ ಅಣ್ಣನ್ನ ನೋಡ್ಲಿಲ್ಲ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. 

ಮುಂದೆ ಕೆಲವು ತಿಂಗಳಿಗೆ ಊರಿನ ಆರೋಗ್ಯ ಶಿಬಿರಕ್ಕೆ ಒಬ್ಬ ಡಾಕ್ಟರಮ್ಮ ಬಂದರು. ಐವತ್ತು ದಾಟಿದವರು, ಏನೂ ತೊಂದರೆ ಇಲ್ಲದಿದ್ದರೂ, ಮಲ ಪರೀಕ್ಷೆ ಮಾಡಿಸಬೇಕು, ಕಣ್ಣಿಗೆ ಕಾಣದ ರಕ್ತವೂ ಅದರಲ್ಲಿ ಸಿಗುತ್ತದೆ, ಮೊದಲೇ ಸಿಕ್ಕರೆ ಈ ಕಾಯಿಲೆ ವಾಸಿಯಾಗುತ್ತದೆ ಎಂದು ಹೇಳಿದರು. ಹಿಂದಿನ ಸಾಲಿನಲ್ಲಿದ್ದ ಅಕ್ಕ ಎದ್ದು ನಿಂತು, "ಡಾಕ್ಟ್ರಮ್ಮ, ಇದು ನಮ್ಮ ಕೋಠಿ ಕೆಲಸವೇ. ಡಬ್ಬಿ ಕೊಡಿ ಇತ್ಲಾಗೆ," ಎಂದರು.

ಶುರುವಾಯಿತು ನೋಡಿ ಗ್ರಹಚಾರ. ಬಿಳಿ ಡಬ್ಬಿ, ಕೆಂಪು ಮುಚ್ಚಳ, ಒಳಗೊಂದು ಪುಟ್ಟ ಚಮಚ, ಮೇಲೆ ಹೆಸರಿನ ಚೀಟಿ. ಒಂದು ಬಟ್ಟೆಚೀಲದ ತುಂಬ ಈ ಡಬ್ಬಿಗಳನ್ನು ಹಾಕಿಕೊಂಡು ಅಕ್ಕ ಬೀದಿಗಿಳಿದರು. ಬುಧವಾರ ಹಂಚುವುದು, ಗುರುವಾರ ಬೆಳಿಗ್ಗೆ ಮನೆಮನೆಯಿಂದ ಸಂಗ್ರಹಿಸಿ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಒಯ್ಯುವುದು. ಊರಿನಲ್ಲಿ ಅವರಿಗೆ ಡಬ್ಬಿ ಮೇಡಂ ಎಂದು ಹೆಸರು ಬಿತ್ತು. ಟೀ ಅಂಗಡಿಗೆ ಅವರು ಬಂದರೆ ಐವತ್ತು ದಾಟಿದವರೆಲ್ಲ ಅರ್ಧ ಲೋಟ ಟೀ ಬಿಟ್ಟು ಎದ್ದು ಹೋಗುತ್ತಿದ್ದರು. ತಲೆಗೆ ಬಣ್ಣ ಹಚ್ಚಿದವರು ಮಾತ್ರ ಧೈರ್ಯವಾಗಿ ಕೂರುತ್ತಿದ್ದರು. ಅಕ್ಕ ಎಡಗಣ್ಣು ಮುಚ್ಚಿ ಅವರ ಕಿವಿಯ ಹಿಂದಿನ ಬಿಳಿ ಕೂದಲನ್ನು ಪತ್ತೆಹಚ್ಚಿ, ಮಡಿಲಿಗೊಂದು ಡಬ್ಬಿ ಇಡುತ್ತಿದ್ದರು.

ಗೂಡಿನ ಮಾರುಕಟ್ಟೆ ಅವರಿಗೆ ಒಳ್ಳೆಯ ಬೇಟೆಯ ಜಾಗ. ಗೂಡು ಮಾರಲು ಬಂದ ರೈತರು ಹರಾಜು ಮುಗಿಯುವವರೆಗೆ ಜಾಗ ಬಿಟ್ಟು ಅಲ್ಲಾಡುವಂತಿಲ್ಲ. ಒಂದು ದಿನ ಅಲ್ಲಿ ಒಬ್ಬ ದೊಡ್ಡ ಮೀಸೆಯ ಗೌಡರನ್ನು ಹಿಡಿದುಕೊಂಡಿದ್ದರು.

"ದಿನಾ ಬೆಳಿಗ್ಗೆ ಎದ್ದು ಹುಳದ ಹಿಕ್ಕೆ ನೋಡ್ತೀಯೋ ಇಲ್ವೋ?"

"ನೋಡ್ದೆ ಇರ್ತೀನಾ ಅಕ್ಕ? ಒದ್ದೆ ಇದ್ರೆ ಹುಳಕ್ಕೆ ರೋಗ ಬಂತು ಅಂತಾನೇ ಲೆಕ್ಕ."

"ಕೈಯಲ್ಲಿ ಹಿಡಿದು ನೋಡ್ತೀಯ?"

"ಹೂಂ, ಬೆರಳಲ್ಲಿ ಒತ್ತಿ ನೋಡ್ತೀನಿ."

"ಮತ್ತೆ ನಿಂದು ಯಾವತ್ತಾದ್ರೂ ತಿರುಗಿ ನೋಡಿದ್ಯೇನಪ್ಪ?"

ಗೌಡರ ಮೀಸೆ ಕುಣಿಯಿತು. "ಏ, ಹುಳಕ್ಕೆ ಬಂಡವಾಳ ಹಾಕಿದ್ದೀನಿ ಕಣಕ್ಕ!"

"ನಿನಗೆ ನಿಮ್ಮವ್ವ ಹಾಕಿಲ್ವಾ?"

ಸುತ್ತಲಿನವರು ಗೊಳ್ಳೆಂದರು. ಗೌಡರು ನಕ್ಕರೋ ನಾಚಿದರೋ ಗೊತ್ತಾಗಲಿಲ್ಲ, ಡಬ್ಬಿಯನ್ನಂತೂ ಟವೆಲ್ಲಿನಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು. ಅಕ್ಕ ಚಿಂತಾಮಣಿ ಸೀಮೆಯವರಾದ್ದರಿಂದ ಹುಮ್ಮಸ್ಸು ಬಂದಾಗ ಬಾಯಲ್ಲಿ ತೆಲುಗು ಬರುತ್ತಿತ್ತು. "ಸಿಗ್ಗು ಪಡಿತೇ ರೋಗಂ ಪೋತುಂದಾ?" ಎಂದು ಆ ಗೌಡರ ಬೆನ್ನಿಗೆ ಕೂಗಿದರು. ನಾಚಿಕೊಂಡರೆ ರೋಗ ಹೋಗುತ್ತದೆಯೇ ಎಂಬ ಈ ಪ್ರಶ್ನೆಗೆ ಗಡಿಯ ಈಚೆಯವರಾಗಲಿ ಆಚೆಯವರಾಗಲಿ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಬಸ್ಸಿನ ಪ್ರಸಂಗವೊಂದನ್ನು ಅವರೇ ಹೇಳಿ ನಗುತ್ತಿದ್ದರು. ಗುರುವಾರ ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಪಕ್ಕದ ಸೀಟಿನ ಅಜ್ಜಿ ಕೆಂಪು ಮುಚ್ಚಳಗಳನ್ನು ಆಸೆಯಿಂದ ನೋಡಿ, "ಏನವ್ವಾ, ಮದುವೆ ಮನೆ ಲಾಡಾ?" ಎಂದಿತಂತೆ. "ಅಲ್ಲಮ್ಮಾ. ಇದು ಒಬ್ಬರದ್ದು ಇನ್ನೊಬ್ಬರಿಗೆ ಆಗಲ್ಲ," ಎಂದು ಅಕ್ಕ ಗಂಭೀರವಾಗಿ ಹೇಳಿದರಂತೆ. ಇಳಿಯುವ ಹೊತ್ತಿಗೆ ಆ ಅಜ್ಜಿಯ ಕೈಯಲ್ಲೂ ಒಂದು ಖಾಲಿ ಡಬ್ಬಿ ಇತ್ತು.

ಇಷ್ಟೆಲ್ಲ ನೋಡಿ ನಗುತ್ತಿದ್ದವನು ನಾನು. ನನ್ನ ಬುಡಕ್ಕೆ ಬರುವವರೆಗೆ ಯಾರ ಫಜೀತಿಯಾದರೂ ತಮಾಷೆಯೇ. ಒಂದು ಬುಧವಾರ ಅಕ್ಕ ನಮ್ಮ ಮನೆಗೆ ಬಂದು ಎರಡು ಡಬ್ಬಿ ಮೇಜಿನ ಮೇಲಿಟ್ಟರು. ಒಂದು ನನಗೆ, ಒಂದು ನನ್ನ ಹೆಂಡತಿಗೆ. ಹೆಂಡತಿ ತನ್ನದನ್ನು ಒಡನೆಯೇ ಹಿಂದಕ್ಕೆ ತಳ್ಳಿದಳು. "ನನಗೇನಾಗಿದೆ ಅಕ್ಕ? ಎರಡು ಕೊಡ ನೀರು ಒಟ್ಟಿಗೆ ಹೊರ್ತೀನಿ. ಇವರದ್ದು ಮಾಡಿಸಿ, ಇವರೇ ಯಾವಾಗ್ಲೂ ಹೊಟ್ಟೆ ಹಿಡ್ಕೊಂಡು ಓಡಾಡ್ತಾರೆ," ಎಂದು ನನ್ನನ್ನು ಮುಂದಕ್ಕೆ ದೂಡಿದಳು.

ನನಗೆ ಭಯ. ಅದನ್ನು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಕಚೇರಿಯಲ್ಲಿ ನಾನು ಕಲಿತ ಒಂದೇ ಪಾಠವೆಂದರೆ, ತೆರೆಯದ ಕಡತದಲ್ಲಿ ಸಮಸ್ಯೆ ಇರುವುದಿಲ್ಲ. ಮೂರು ಗುರುವಾರ ನೆಪ ಹೇಳಿದೆ. ಮೊದಲ ವಾರ ಭೇದಿ ಎಂದೆ. ಎರಡನೇ ವಾರ ಮಲಬದ್ಧತೆ ಎಂದೆ. ಮೂರನೇ ವಾರ ಹೇಳಲು ಬೇರೆ ಸ್ಥಿತಿ ಉಳಿದಿರಲಿಲ್ಲವಾದ್ದರಿಂದ ಹಿತ್ತಿಲ ಬಾಗಿಲಿನಿಂದ ತಪ್ಪಿಸಿಕೊಂಡೆ. ನಾಲ್ಕನೇ ವಾರ ಅಕ್ಕ ಬೆಳಿಗ್ಗೆ ಆರಕ್ಕೇ ಬಂದು ಜಗಲಿಯ ಮೇಲೆ ಕೂತರು. "ನೀನು ಕೊಡೋವರೆಗೂ ಏಳಲ್ಲ ಗುಮಾಸ್ತ. ನಿಧಾನವಾಗಿ ಆಗ್ಲಿ."

ಒಳಗೆ ನಾನು ಬೆವರುತ್ತಿದ್ದೆ. ಇಲ್ಲಿ ನನ್ನ ಹೆಂಡತಿಯ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಯಾದಾಗಿನಿಂದ ನನ್ನ ಎಲ್ಲ ಕೆಲಸವನ್ನೂ ಅವಳೇ ಮಾಡುತ್ತಿದ್ದಳು. ಕರೆಂಟ್ ಬಿಲ್ಲು, ರೇಷನ್ನು, ಬ್ಯಾಂಕಿನ ಸಾಲು, ನನ್ನ ಕಡೆಯ ನೆಂಟರ ಸಾವುನೋವು, ಎಲ್ಲವೂ ಅವಳ ಪಾಲು. ವರ್ಷಕ್ಕೊಮ್ಮೆ ಪಿಂಚಣಿಗಾಗಿ ನಾನು ಬದುಕಿದ್ದೇನೆಂದು ತೋರಿಸುವುದಕ್ಕೆ ಮಾತ್ರ ನಾನೇ ಹೋಗಬೇಕಿತ್ತು. ಬಿಟ್ಟಿದ್ದರೆ ಅದಕ್ಕೂ ಅವಳು ಹೋಗಿ ಬರುತ್ತಿದ್ದಳು. ಅವಳು ನನ್ನ ಮುಖ ನೋಡಿ, "ಕೊಡಿ ಇತ್ಲಾಗೆ. ನಾನೇ ತುಂಬಿಸಿ ಕೊಡ್ತೀನಿ. ಪಾಪ ಅಕ್ಕ ಚಳೀಲಿ ಕೂತಿದ್ದಾರೆ," ಎಂದು ಡಬ್ಬಿ ಕಿತ್ತುಕೊಂಡು ಬಚ್ಚಲಿನ ಕಡೆ ಹೋದಳು.

ತಡೆಯಬೇಕಿತ್ತು. ತಡೆಯಲಿಲ್ಲ. ಹತ್ತು ನಿಮಿಷದ ಮೇಲೆ ನನ್ನ ಹೆಸರಿನ ಡಬ್ಬಿಯನ್ನು ನಾನೇ ಅಕ್ಕನ ಕೈಗೆ ಕೊಟ್ಟೆ. "ನೋಡಿದ್ಯಾ, ಇಷ್ಟೇ. ಇದಕ್ಕೆ ಒಂದು ತಿಂಗಳು ನನ್ನ ಅಲೆದಾಡಿಸಿದೆ," ಎಂದು ಅವರು ನನ್ನ ಬೆನ್ನು ತಟ್ಟಿದರು. ಆ ಹೊಗಳಿಕೆಯನ್ನೂ ನಾನು ನಾಚಿಕೆಯಿಲ್ಲದೆ ಇಟ್ಟುಕೊಂಡೆ.

ಮುಂದಿನ ವಾರ ಅಕ್ಕ ಚೀಲವಿಲ್ಲದೆ ಬಂದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಗಾಬರಿ ಬೀಳ್ಬೇಡ. ನಿನ್ನದ್ರಲ್ಲಿ ರಕ್ತ ಸಿಕ್ಕಿದೆ. ಅಂದ್ರೆ ಕ್ಯಾನ್ಸರ್ರೇ ಅಂತಲ್ಲ, ಬೇರೆ ಏನಾದ್ರೂ ಇರಬೋದು. ಕ್ಯಾಮೆರಾ ಬಿಟ್ಟು ಕರುಳು ನೋಡ್ತಾರೆ. ನಾನೇ ಜೊತೇಲಿ ಬರ್ತೀನಿ."

ಒಂದು ಗಳಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮರುಗಳಿಗೆ, ಅಯ್ಯೋ ಅದು ನನ್ನದಲ್ಲವಲ್ಲ ಎಂದು ನೆನಪಾಗಿ ಹಗುರಾದೆ. ಆ ಹಗುರ ಎಷ್ಟು ಹೊತ್ತಿತ್ತೆಂದು ಕೇಳಬೇಡಿ. ಒಳಗೆ ಅಡುಗೆಮನೆಯಲ್ಲಿ ಅವಳು ಮುದ್ದೆ ಕಟ್ಟುತ್ತಾ ಏನೋ ಗುನುಗುತ್ತಿದ್ದಳು. ಆ ದನಿ ಕಿವಿಗೆ ಬಿದ್ದದ್ದೇ, ಆ ರಕ್ತ ಯಾರದೆಂದು ಹೊಳೆಯಿತು.

ಅಕ್ಕ ಹೋದ ಮೇಲೆ ಅವಳಿಗೆ ಹೇಳಿದೆ. ಅವಳು ಕೈ ತೊಳೆದುಕೊಂಡು, "ನಿಮ್ಮ ಹೆಸರಿಗೆ ತಾನೆ ಬಂದಿರೋದು? ನೀವು ಹೋಗಿ ಮಾಡಿಸ್ಕೊಳ್ಳಿ. ಏನೂ ಇಲ್ಲ ಅಂತ ಬರುತ್ತೆ, ಮುಗೀತು," ಎಂದಳು.

"ನಿನ್ನದು ಕಣೇ ಅದು!"

"ನಂದು ಅಂತ ಎಲ್ಲಿ ಬರೆದಿದೆ?"

ಕಚೇರಿಯಲ್ಲಿ ಮೂರು ದಶಕ ನಾನು ನಡೆಸಿದ ವಾದವನ್ನೇ ಅವಳು ನನ್ನ ಮೇಲೆ ಎಸೆದಳು. ದಾಖಲೆಯಲ್ಲಿ ಇಲ್ಲ, ಆದ್ದರಿಂದ ಇಲ್ಲ. ಎರಡು ದಿನ ಬೇಡಿಕೊಂಡೆ. ಬಗ್ಗಲಿಲ್ಲ. ಅವಳು ಹೇಳಿದ ಹಾಗೆ ನಾನು ಹೋಗಿ ಪರೀಕ್ಷೆ ಮಾಡಿಸಿಕೊಂಡು, ಚೊಕ್ಕವಾಗಿದೆ ಎಂಬ ಚೀಟಿ ತಂದುಬಿಟ್ಟರೆ, ಆ ರಕ್ತ ಯಾರದೆಂದು ಜಗತ್ತಿನಲ್ಲಿ ಯಾರೂ ಕೇಳುವುದಿಲ್ಲ. ಗೊತ್ತಿರುವವರು ನಾವಿಬ್ಬರೇ. ಒಬ್ಬಳು ಒಪ್ಪುವುದಿಲ್ಲ, ಇನ್ನೊಬ್ಬನಿಗೆ ಅಕ್ಕನ ಮುಖ ನೋಡುವ ಧೈರ್ಯವಿಲ್ಲ. ಎರಡು ಹಾಳೆಯ ನಂಬರ್ ತಪ್ಪಿದ್ದಕ್ಕೇ ಇಡೀ ತಂಡ ಸುಡಿಸಿದ ಹೆಂಗಸು ಅವರು.

ಮೂರನೇ ದಿನ ಬೆಳಿಗ್ಗೆ ಹೋದೆ. ಅವರೆಕಾಯಿಯ ಕಾಲ. ಅಕ್ಕ ಅಂಗಳದಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿತುಕಿ ಬೇಳೆ ಬಿಡಿಸುತ್ತಿದ್ದರು. ನನ್ನ ಮುಂದೆಯೂ ಒಂದು ಬೋಗುಣಿ ತಳ್ಳಿದರು. ನಾನು ತಲೆ ತಗ್ಗಿಸಿ ಹಿತುಕುತ್ತಾ ಹಿತುಕುತ್ತಾ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಯುವ ಹೊತ್ತಿಗೆ ಬೇಳೆಯನ್ನು ಸಿಪ್ಪೆಗೂ ಸಿಪ್ಪೆಯನ್ನು ಬೇಳೆಗೂ ಹಾಕಿದ್ದೆ.

ಅಕ್ಕನ ಕೈ ನಿಂತಿತು. ಆವತ್ತು ಮೊದಲ ಸಲ ಅವರು ನನ್ನನ್ನು ಎರಡೂ ಕಣ್ಣು ಬಿಟ್ಟು ನೋಡಿದರು. ಬೈಯುತ್ತಾರೆ ಎಂದು ಕಾದೆ. "ಹೇಳ್ದೆಯಲ್ಲ, ಬದುಕಿದೆ," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಕೈ ತೊಳೆದುಕೊಳ್ಳಲೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅವರು ಮುಂದೆ, ನಾನು ಹಿಂದೆ.

ನನ್ನ ಹೆಂಡತಿ ಅವರನ್ನು ನೋಡಿದ ಕೂಡಲೇ ಅಳಲು ಶುರುಮಾಡಿದಳು. "ಬೈಯ್ರಿ ಅಕ್ಕ, ಹೊಡೀರಿ ಬೇಕಾದ್ರೆ. ಆದ್ರೆ ಅಲ್ಲಿಗೆ ಮಾತ್ರ ಬರಲ್ಲ. ಗಂಡಸರು ಡಾಕ್ಟ್ರು, ಎಲ್ಲಿಂದ ಬಿಡ್ತಾರಂತೆ ಆ ಕ್ಯಾಮೆರಾನ? ಅದಕ್ಕಿಂತ ಸಾಯೋದು ವಾಸಿ."

 ಗೌಡರ ಮೀಸೆ ಕುಣಿಸಿದ ನಾಲಿಗೆ ಅದೇಕೋ ಕಟ್ಟಿಹೋಗಿತ್ತು. ಅಕ್ಕ ಅವಳ ಪಕ್ಕ ಚಾಪೆಯ ಮೇಲೆ ಕುಸಿದರು.

"ನಾನೂ ಹೋಗಿಲ್ಲ ಕಣಮ್ಮ," ಎಂದರು.

ನಾನು ತಬ್ಬಿಬ್ಬಾದೆ.

"ಆ ಡಾಕ್ಟ್ರಮ್ಮ ಆವತ್ತೇ ಹೇಳಿದ್ರು. ಒಡಹುಟ್ಟಿದವನಿಗೆ ಬಂದಿತ್ತು ಅಂದ್ರೆ ನಿಮಗೆ ಬರೀ ಡಬ್ಬಿ ಸಾಲದು, ಒಂದು ಸಲ ಕ್ಯಾಮೆರಾ ಬಿಟ್ಟೇ ನೋಡ್ಬೇಕು ಅಂತ. ಮೂರು ವರ್ಷ ಆಯ್ತು. ಚೀಟಿ ಪೆಟ್ಟಿಗೇಲಿ ಮಡಚಿ ಇಟ್ಟಿದ್ದೀನಿ. ಊರಿಗೆಲ್ಲಾ ಡಬ್ಬಿ ಹಂಚ್ತೀನಿ, ಸಿಗ್ಗು ಯಾಕೆ ಅಂತ ಭಾಷಣ ಮಾಡ್ತೀನಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಒಬ್ಬ ಗಂಡಸು ನನ್ನ ಮೈ ಮುಟ್ಟಿಲ್ಲ ಕಣಮ್ಮ ಇಷ್ಟು ವರ್ಷ. ಅಲ್ಲಿ ಹೋಗಿ ಹೆಂಗೆ ಮಲಗ್ಲಿ?"

ನನ್ನ ಹೆಂಡತಿಯ ಅಳು ನಿಂತುಹೋಯಿತು. ಅವಳು ತನ್ನ ಸೆರಗಿನಲ್ಲಿ ಅಕ್ಕನ ಕಣ್ಣು ಒರೆಸಿದಳು. ಇಬ್ಬರೂ ನಾನು ಅಲ್ಲಿರುವುದನ್ನೇ ಮರೆತಿದ್ದರು. ಅಕ್ಕನ ಮೇಲೆ ನನಗಿದ್ದ ಭಯ ಅಂದಿಗೆ ಹೋಯಿತು, ಪ್ರೀತಿ ಮಾತ್ರ ಉಳಿಯಿತು.

"ಇಬ್ರೂ ಹೋಗಣ," ಎಂದರು ಅಕ್ಕ ಕೊನೆಗೆ.

"ನೀವು ಮೊದಲು ಒಳಗೆ ಹೋಗ್ತೀರಾ?"

"ನಾನೇ ಮೊದಲು."

"ಹಂಗಾದ್ರೆ ಬರ್ತೀನಿ."

ಅಕ್ಕ ಆಸ್ಪತ್ರೆಯಲ್ಲಿ ಚೀಟಿಯ ಹೆಸರು ತಿದ್ದಿಸಿ, ಇಬ್ಬರಿಗೂ ಒಂದೇ ದಿನ ಗೊತ್ತುಮಾಡಿಸಿದರು. ಕ್ಯಾಮೆರಾ ಬಿಡುವ ಮೊದಲು ಕರುಳು ತೊಳೆದು ಚೊಕ್ಕ ಮಾಡಬೇಕಲ್ಲ, ಅದಕ್ಕೊಂದು ಪುಡಿ ಕೊಟ್ಟಿದ್ದರು. ಎರಡು ಲೀಟರ್ ನೀರಿಗೆ ಬೆರೆಸಿ, ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯಬೇಕು. ಪರೀಕ್ಷೆ ಮಧ್ಯಾಹ್ನವಾದ್ದರಿಂದ ಬೆಳಗಿನ ಜಾವವೇ ಶುರುಮಾಡಲು ಹೇಳಿದ್ದರು. ಅಕ್ಕ ಐದು ಗಂಟೆಗೆ ತಮ್ಮ ಪುಡಿ, ತಮ್ಮ ಜಗ್ಗು, ಒಂದು ಹಳೆಯ ಸೀರೆ ಹಿಡಿದು ನಮ್ಮ ಮನೆಗೆ ಬಂದರು. ಒಬ್ಬೊಬ್ಬರೇ ಕುಡಿಯುವುದು ಬೇಜಾರಂತೆ. ನಮ್ಮ ಮನೆಯಲ್ಲಿ ಇರುವುದು ಒಂದೇ ಕಕ್ಕಸು ಎಂಬ ಸಂಗತಿಯನ್ನು ಮೂವರಲ್ಲಿ ಯಾರೂ ಯೋಚಿಸಿರಲಿಲ್ಲ.

ನನ್ನನ್ನು ಜಗಲಿಗೆ ಅಟ್ಟಿ ಬಾಗಿಲು ಹಾಕಿಕೊಂಡರು. ಮೊದಲ ಅರ್ಧ ಗಂಟೆ ಶಾಂತವಾಗಿತ್ತು. "ನಿಂಬೆಹಣ್ಣಿಗೆ ಸಮುದ್ರ ಹಿಂಡಿದಂಗಿದೆ," ಎಂದು ಅಕ್ಕ ರುಚಿ ವಿವರಿಸಿದ್ದು ಕೇಳಿಸಿತು. ಆಮೇಲೆ ಒಳಗೆ ದಡದಡ ಹೆಜ್ಜೆ, ಚಿಲಕದ ಸದ್ದು.

"ಅಕ್ಕಾ, ಬೇಗ ಬನ್ನಿ!"

"ಬಂದೆ ಇರೇ. ಸರ್ಕಾರಿ ಕೆಲಸ, ಅವಸರ ಮಾಡಿದ್ರೆ ಆಗಲ್ಲ."

"ಅಕ್ಕಾ, ನನ್ನ ಕೈಲಾಗಲ್ಲ!"

"ಬಂದೇ, ಬಂದೇ! ಅರೆರೇ, ನನಗೆ ಇನ್ನೊಂದು ಸಲ ಬಂತು ಕಣೇ, ತಡಿ!"

ಮತ್ತೆ ನಗು. ಅಂಥ ನಗುವನ್ನು ನಾನು ನಮ್ಮ ಮನೆಯಲ್ಲಿ ಕೇಳಿಯೇ ಇರಲಿಲ್ಲ. ಇಬ್ಬರು ವಯಸ್ಸಾದ ಹೆಂಗಸರು ಹೊಟ್ಟೆ ಹಿಡಿದುಕೊಂಡು, ಉಸಿರು ಕಟ್ಟಿಕೊಂಡು, ಹೈಸ್ಕೂಲಿನ ಹುಡುಗಿಯರ ಹಾಗೆ ಕಿಸಕಿಸನೆ ನಗುತ್ತಿದ್ದರು. ಎದುರುಮನೆಯವರು ರಂಗೋಲಿ ಬಿಡುತ್ತಾ, "ಏನ್ ಸಾರ್, ಬೆಳಿಗ್ಗೇನೇ ನೆಂಟರು ಬಂದಂಗಿದೆ?" ಎಂದರು. "ಹೌದಮ್ಮ. ಒಬ್ಬರು ಬಂದ್ರೆ ಒಬ್ಬರು ಹೋಗ್ತಿದ್ದಾರೆ," ಎಂದೆ. ನನಗೂ ಅವಶ್ಯವಾದಾಗ ಯಾರನ್ನೂ ಕೇಳದೆ ಕೆರೆಕಡೆ ನಡೆದೆ. ನಲವತ್ತು ವರ್ಷದ ಮೇಲೆ ಆ ದಾರಿ ಹಿಡಿದಿದ್ದು.

ಮಧ್ಯಾಹ್ನ ಅಕ್ಕನ ಅಣ್ಣನ ಮಗ ಕಾರಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದ. ಆಸ್ಪತ್ರೆಯಲ್ಲಿ, ಕೊಟ್ಟ ಮಾತಿನಂತೆ, ಅಕ್ಕ ಮೊದಲು ಒಳಗೆ ಹೋದರು. ಹೊರಬಂದಾಗ ಮತ್ತಿನಲ್ಲೇ ಇದ್ದರು, ಆದರೂ ನನ್ನ ಹೆಂಡತಿಯ ಕೈ ಹುಡುಕಿ, "ಏನೂ ಇಲ್ಲ ಕಣೇ. ನಿದ್ದೆ ಬರ್ಸಿ ಬಿಡ್ತಾರೆ. ಯಾರು ನೋಡಿದ್ರೋ ಏನೋ, ನನಗೇ ಗೊತ್ತಾಗ್ಲಿಲ್ಲ," ಎಂದರು. ಅವಳು ಒಳಗೆ ಹೋದಳು.

ಹೊರಗಿನ ಬೆಂಚಿನ ಮೇಲೆ ನಾನು ಒಬ್ಬನೇ. ಅವಳಿಲ್ಲದ ಮನೆಯನ್ನು ಊಹಿಸಲು ಹೋಗಿ, ಗ್ಯಾಸಿನ ಪುಸ್ತಕ ಎಲ್ಲಿದೆ ಎಂಬುದೂ ನನಗೆ ಗೊತ್ತಿಲ್ಲ ಎಂಬಲ್ಲಿಗೆ ಬಂದು ನಿಂತೆ. ಅಲ್ಲಿಂದ ಮುಂದೆ ಊಹಿಸಲಾಗದೆ ಅತ್ತುಬಿಟ್ಟೆ. ಒಂದು ಡಬ್ಬಿಗೆ ಹೆದರಿದ ಗಂಡ ನಾನು. ಹೆದರಿ ಅವಳನ್ನು ಮುಂದೆ ಮಾಡಿದ್ದೆ, ಆ ಹೇಡಿತನವೇ ಅವಳೊಳಗಿನ ರಕ್ತವನ್ನು ಹಿಡಿದುಕೊಟ್ಟಿತ್ತು. ಹೆಮ್ಮೆಪಡುವ ಹಾಗೂ ಇರಲಿಲ್ಲ, ಪಶ್ಚಾತ್ತಾಪಪಡುವ ಹಾಗೂ ಇರಲಿಲ್ಲ.

ಅಕ್ಕನ ಕರುಳಿನಲ್ಲಿ ಒಂದು ಪುಟ್ಟ ಗಂಟು ಇತ್ತಂತೆ, ಅಲ್ಲಿಯೇ ಕತ್ತರಿಸಿ ತೆಗೆದರು. ಅದರಿಂದ ಅಪಾಯವೇನೂ ಇರಲಿಲ್ಲ. ನನ್ನ ಹೆಂಡತಿಯದು ಅದಕ್ಕಿಂತ ದೊಡ್ಡದು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಶುರುವಾಗಿತ್ತು, ಆದರೆ ಇದ್ದ ಜಾಗ ಬಿಟ್ಟು ಕದಲಿರಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಕರುಳಿನ ಆ ತುಂಡನ್ನು ತೆಗೆದರು. ಇನ್ನೊಂದೆರಡು ವರ್ಷ ತಡವಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ಅಕ್ಕ ಪಕ್ಕದಲ್ಲೇ ಇದ್ದರು. ಅಲ್ಲಿದ್ದಷ್ಟು ದಿನವೂ ಅವಳ ಮಂಚದ ಪಕ್ಕದಲ್ಲಿ ಮಲಗಿದ್ದವರು ಅವರು. ನಾನು ಗಂಜಿ ತರುವವನು, ಅಷ್ಟೇ.

ಮನೆಗೆ ಬಂದ ಮೊದಲ ಗುರುವಾರವೇ ಅಕ್ಕ ನನ್ನ ಮುಂದೆ ಹೊಸ ಡಬ್ಬಿ ಇಟ್ಟರು. ಈ ಸಲ ಹೆಸರಿನ ಚೀಟಿಯನ್ನು ತಾವೇ ಬರೆದು, ಅಂಟಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ತಂದಿದ್ದರು. ನಾನು ಒಳಗೆ ಹೋದಾಗ ಹೊರಗೆ ಇಬ್ಬರೂ ಕಾವಲು ನಿಂತಿದ್ದರು. ನನ್ನದರಲ್ಲಿ ಏನೂ ಸಿಗಲಿಲ್ಲ. "ಗುಮಾಸ್ತನ ಹೊಟ್ಟೇಲಿ ಬರೀ ಗಾಳಿ," ಎಂದು ಅಕ್ಕ ಊರಿಗೆಲ್ಲ ಹೇಳಿಕೊಂಡು ಬಂದರು.

ಅಕ್ಕನ ಹನ್ನೊಂದನೇ ದಿನದ ತಿಥಿಗೆ ತುಂಬ ಜನ ಸೇರಿದ್ದರು. ಊಟಕ್ಕೆ ಮುಂಚೆ ಅಣ್ಣನ ಮಗ, ಅತ್ತೆಯನ್ನು ಬಲ್ಲವರು ಒಂದೆರಡು ಮಾತಾಡಿ ಎಂದು ಕೇಳಿಕೊಂಡ. ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರು ಎದ್ದು ಅಕ್ಕನ ಕರ್ತವ್ಯನಿಷ್ಠೆಯನ್ನು ಕೊಂಡಾಡಿದರು. ನಾನೂ ಎರಡು ಪುಟ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಅದರಲ್ಲಿ ಕಾಯಿಲೆಯ ಪ್ರಸ್ತಾಪವನ್ನು "ಕೆಲವು ಆರೋಗ್ಯ ಸಂಬಂಧಿ ಸಮಾಜಸೇವೆ" ಎಂದು ಮುಗಿಸಿದ್ದೆ. ಕನ್ನಡಕ ಹುಡುಕಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು.

ನಾಲ್ಕು ಜನರ ಎದುರು ಮಾತಾಡಿದವಳೇ ಅಲ್ಲ. ಸೆರಗನ್ನು ಭುಜಕ್ಕೆ ಎಳೆದುಕೊಂಡು, "ನಮ್ಮೆಜಮಾನ್ರ ಡಬ್ಬಿಗೆ ನಾನು ತುಂಬಿಸಿಕೊಟ್ಟಿದ್ದೆ," ಎಂದು ಶುರುಮಾಡಿದಳು.  ನಾನು ಕುರ್ಚಿಯಲ್ಲಿ ಇಷ್ಟಿಷ್ಟೇ ಕೆಳಗಿಳಿದೆ. ಒಂದನ್ನೂ ಬಿಡಲಿಲ್ಲ ಅವಳು. ನನ್ನ ಮೂರು ವಾರದ ನೆಪ, ತನ್ನ ಹಟ, ಅಕ್ಕ ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ಚೀಟಿ, ಎರಡು ಜಗ್ಗು, ಒಂದು ಕಕ್ಕಸು. ಮೊದಲು ಯಾರೋ ಒಬ್ಬರು ಕೆಮ್ಮಿದ ಹಾಗೆ ನಕ್ಕರು. ಆಮೇಲೆ ಹೆಂಗಸರ ಸಾಲು, ಆಮೇಲೆ ಪುರೋಹಿತರು. ತಿಥಿಯ ಪೆಂಡಾಲಿನಲ್ಲಿ ಜನ ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕರು. ಕೊನೆಗೆ ಅವಳು ಆಪರೇಷನ್ನಿನ ವಿಷಯ ಹೇಳಿ ಕೂತಳು.

ಊಟದ ನಂತರ ನೋಡುತ್ತೇನೆ, ಕೈ ತೊಳೆಯುವ ಕಡೆ ಅವಳ ಸುತ್ತ ಏಳೆಂಟು ಜನ. ಅಧಿಕಾರಿಯವರೂ ಇದ್ದರು. ಆ ಡಬ್ಬಿ ಈಗ ಎಲ್ಲಿ ಸಿಗುತ್ತದಮ್ಮಾ ಎಂದು ಒಬ್ಬೊಬ್ಬರೂ ಪಿಸುಗುಟ್ಟಿ ಕೇಳುತ್ತಿದ್ದರು. ಅವಳು ಮಾತ್ರ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದಳು.

ನಡೆದುಕೊಂಡೇ ಮನೆಗೆ ಹೊರಟೆವು. ನನ್ನ ಮುಖ ಇನ್ನೂ ಬಿಸಿಯಾಗಿತ್ತು. ತಿರುವು ದಾಟಿದ ಮೇಲೆ ಕೇಳಿಯೇಬಿಟ್ಟೆ. "ಅಷ್ಟು ಜನದ ಮುಂದೆ ಅದನ್ನೆಲ್ಲಾ ಹೇಳ್ಲೇಬೇಕಿತ್ತೇನೇ?"

ಅವಳು ನಿಂತು, ನನ್ನ ಕಡೆ ತಿರುಗಿದಳು.

"ಹೇಳೋಕೆ ನಾನಿನ್ನೂ ಇದ್ದೀನಲ್ಲ ರೀ," ಎಂದಳು. "ಅದಕ್ಕೇ ಹೇಳ್ದೆ."